ತಾತನ ಊಟದ ಹೊತ್ತು

ಅಜ್ಜಿ ತಾತನನ್ನು ಮಡಿಲಲ್ಲಿ ಕೂರಿಸಿಕೊಂಡು ಟ್ಯಾಕ್ಸಿಯಲ್ಲಿ ಬಂದರು.

ತಾತ ಎಂದರೆ ಈಗ ನೀಲಿ ಹೂಬಳ್ಳಿಯ ಒಂದು ಪಿಂಗಾಣಿ ಬಟ್ಟಲು. ಅದರ ತುಂಬ ಬೂದಿ, ಬೂದಿಯಲ್ಲಿ ನಿಂತ ಊದಿನಕಡ್ಡಿಗಳ ಕೆಂಪು ಬುಡಗಳು. ಆ ಬೂದಿ ತಾತನದಲ್ಲ, ವರ್ಷಗಟ್ಟಲೆ ಅವರ ಹೆಸರಿನಲ್ಲಿ ಹಚ್ಚಿದ ಊದಿನಕಡ್ಡಿಗಳದು. ಆದರೆ ನಮ್ಮ ಮನೆಯಲ್ಲಿ ಆ ಭೇದವನ್ನು ಯಾರೂ ಮಾಡುವುದಿಲ್ಲ. ಬಟ್ಟಲು ಎಲ್ಲಿದೆಯೋ ತಾತ ಅಲ್ಲಿದ್ದಾರೆ. ಹಾಗಾಗಿ ಅಜ್ಜಿ ಬಟ್ಟಲಿಗೂ ತನಗೂ ಸೇರಿಸಿ ಒಂದೇ ಬೆಲ್ಟು ಕಟ್ಟಿಕೊಂಡು, ಹನೋಯ್ ನಗರದ ಒಂದೊಂದು ತಿರುವನ್ನೂ ತಾತನಿಗೆ ಹೇಳುತ್ತ ಬಂದರು. ಸತ್ತವರಿಗೆ ದಾರಿ ಹೇಳದೆ ಕರೆದುಕೊಂಡು ಬಂದರೆ ಅವರು ಹಿಂದೆಯೇ ಉಳಿದುಬಿಡುತ್ತಾರೆ.

"ರೀ, ಇದು ಸೇತುವೆ. ಈಗ ಎಡಕ್ಕೆ ತಿರುಗ್ತೀವಿ, ನೋಡ್ಕೊಳ್ಳಿ."

ಡ್ರೈವರ್ ಈ ಕ್ರಮ ತಿಳಿದವನು. ಅಜ್ಜಿ ಹೇಳಿ ಮುಗಿಸುವವರೆಗೂ ತಿರುವಿನಲ್ಲಿ ಗಾಡಿ ನಿಧಾನಿಸುತ್ತಿದ್ದ. ಹಿಂದಿನಿಂದ ಬೈಕುಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾದವು. ಕೊನೆಗೆ ಹೊಸ ಕಟ್ಟಡದ ಲಿಫ್ಟಿನಲ್ಲಿ ನಿಂತಾಗ ಅಜ್ಜಿ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ಇದು ಮೇಲಕ್ಕೆ ಹೋಗುವ ಪೆಟ್ಟಿಗೆ, ಹೆದರಬೇಡಿ, ನಾನೂ ಮೊದಲ ದಿನ ಹೆದರಿದ್ದೆ ಎಂದರು. ತಾತ ಬದುಕಿದ್ದಾಗ ಲಿಫ್ಟು ಹತ್ತಿದವರಲ್ಲ. ನಾನು ಗುಂಡಿ ಒತ್ತಿದೆ. ಮೂವರೂ ಹನ್ನೊಂದನೇ ಮಹಡಿಗೆ ಹೋದೆವು.

ಗಲ್ಲಿಯಲ್ಲಿದ್ದ ನಮ್ಮ ಹಳೆಯ ಮನೆ ರಸ್ತೆ ಅಗಲಿಸುವಾಗ ಹೋಯಿತು. ದೊಡ್ಡಪ್ಪ ಹ್ವಾನ್ ಹಿರಿಮಗ. ಸತ್ತ ಹಿರಿಯರ ಬಟ್ಟಲು, ಫೋಟೋ ಇಡುವ ಪೀಠ ಹಿರಿಮಗನ ಮನೆಯಲ್ಲಿರಬೇಕು. ಆದರೆ ಅವರು ಕೊಂಡ ಫ್ಲ್ಯಾಟಿನ ಹಜಾರದಲ್ಲಿ ಹಳೆಯ ಪೀಠದ ಒಂದು ಕಾಲಿಗೂ ಜಾಗವಿರಲಿಲ್ಲ. ವಿನ್ಯಾಸ ಓದಿದ ಮೊಮ್ಮಗಳೊಬ್ಬಳು ಮನೆಯಲ್ಲಿದ್ದಾಳೆ ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಕಾಲೇಜು ಮುಗಿಸಿದ ಮೇಲೆ ನಾನು ಏನು ಮಾಡುತ್ತೇನೆಂದು ನಮ್ಮವರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕುರ್ಚಿಗಳ ಚಿತ್ರ ಬರೆಯುತ್ತಾಳೆ ಎಂದು ಅಜ್ಜಿ ನೆರೆಯವರಿಗೆ ಹೇಳುತ್ತಿದ್ದರು, ಸ್ವಲ್ಪ ದನಿ ತಗ್ಗಿಸಿ.

ಆ ಹಜಾರಕ್ಕೆ ಹೊಂದುವ ಹೊಸ ಪೀಠವೊಂದಕ್ಕಾಗಿ ನಾನು ಚಳಿಗಾಲವಿಡೀ ಕೂತೆ. ನಮ್ಮ ಊದಿನಕಡ್ಡಿ ಉರಿದಾಗ ಬೂದಿ ಕೆಳಗೆ ಉದುರುವುದಿಲ್ಲ, ಕಡ್ಡಿಗೆ ಅಂಟಿಕೊಂಡೇ ಬಾಗಿ ಬಾಗಿ ಉಂಗುರವಾಗುತ್ತದೆ. ಹಾಗೆ ಸುರುಳಿ ಸುತ್ತಿದರೆ ಹಿರಿಯರು ಮೆಚ್ಚಿದರು ಎಂದರ್ಥ. ಕಡ್ಡಿಯನ್ನು ಯಾವುದರಲ್ಲೋ ನೆನೆಸುವುದರಿಂದ ಹೀಗಾಗುತ್ತದೆ ಎಂದು ನಾನು ಓದಿದ್ದೇನೆ. ಓದಿದ್ದರಿಂದ ಆ ಸುರುಳಿಯ ಚೆಲುವು ಕಡಿಮೆಯಾಗಲಿಲ್ಲ. ನನ್ನ ಪೀಠದ ಕಮಾನು ಅದೇ ಸುರುಳಿ. ತಿಳಿ ಬಣ್ಣದ ಮರ, ಕೆತ್ತನೆಯಿಲ್ಲ, ಚಿನ್ನದ ರೇಕಿಲ್ಲ. ಕಮಾನಿನ ಕೆಳಗೆ ಬಟ್ಟಲು, ತಾತನ ಫೋಟೋ, ಎಡೆ ಇಡಲು ಹೊರಗೆ ಎಳೆಯುವ ಹಲಗೆ. ಅದರ ಪಕ್ಕದಲ್ಲೇ ಇಬ್ಬರು ಕೂರುವಷ್ಟು ಒಂದು ಗಿಡ್ಡ ಬೆಂಚು, ಏಕೆಂದರೆ ನಮ್ಮ ಜನ ಸತ್ತವರ ಮುಂದೆ ನಿಲ್ಲುತ್ತಾರೆ, ಬಾಗುತ್ತಾರೆ, ಕೂರುವುದಿಲ್ಲ. ನನಗೆ ತಾತನ ಜೊತೆ ಕೂತು ಅಭ್ಯಾಸ. ಅವರು ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಅವರಿಗೆ ಅಕ್ಷರವೂ ಬೇಡ, ಮಾತೂ ಬೇಡ. ಮೆಟ್ಟಿಲ ಮೇಲೆ ಅವರ ಪಕ್ಕ ಕೂತರೆ ಒಂದು ಕಡೆ ಸರಿದು ಜಾಗ ಕೊಡುತ್ತಿದ್ದರು. ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಹೆಚ್ಚುಕಡಿಮೆ ಅಷ್ಟೇ.

ಅಜ್ಜಿಗೆ ಪೀಠದ ಚಿತ್ರ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು ನೋಡಿ, ನನ್ನನ್ನು ಕೇಳಿ ಏನು ಪ್ರಯೋಜನ, ಕೂರುವವರನ್ನು ಕೇಳಬೇಕು ಎಂದರು. ಕೊನೆಗೆ ತೀರ್ಮಾನವಾದದ್ದು ಹೀಗೆ: ಸದ್ಯಕ್ಕೆ ಅಮ್ಮನ ಬಾಡಿಗೆ ಮನೆಯಲ್ಲಿದ್ದ ಬಟ್ಟಲನ್ನು ತಾತನ ತಿಥಿಯ ದಿನ ತರುವುದು, ಹೊಸ ಪೀಠದಲ್ಲಿ ಎಡೆ ಇಡುವುದು, ಊಟವಾದ ಮೇಲೆ ನಾಣ್ಯ ಹಾಕಿ ತಾತನನ್ನೇ ಕೇಳುವುದು. ಅವರು ಬೇಡವೆಂದರೆ, ಪೂಜಾಸಾಮಾನು ಮಾರುವ ಹಾಂಗ್ ಕ್ವಾತ್ ಬೀದಿಯ ಅಂಗಡಿಯಲ್ಲಿ ದೊಡ್ಡಪ್ಪ ಆರಿಸಿಟ್ಟಿರುವ ಕೆಂಪು ಅರಗಿನ ಪೀಠ ಅದೇ ಸಂಜೆ ಬರುತ್ತದೆ. ಮೂಲೆ ಸೋಫಾ ತೆಗೆದಾದರೂ ಅದಕ್ಕೆ ಜಾಗ ಮಾಡುವುದು. ನನ್ನದನ್ನು ಬಾಗಿಲ ಬಳಿ ಇಟ್ಟು ಚಪ್ಪಲಿ ಜೋಡಿಸಿಕೊಳ್ಳುವುದು.

"ಬೇಜಾರು ಮಾಡ್ಕೋಬೇಡ ಉಯೆನ್," ಎಂದಿದ್ದರು ಅಜ್ಜಿ. "ಚಪ್ಪಲಿಗೂ ಒಳ್ಳೇ ಜಾಗ ಬೇಕಲ್ಲ."

ತಿಥಿಯ ದಿನ ಬೆಳಗ್ಗೆಯಿಂದಲೇ ದೊಡ್ಡಮ್ಮನೂ ನನ್ನ ಅಮ್ಮನೂ ಅಡುಗೆಮನೆಯಲ್ಲಿದ್ದರು. ಅಪ್ಪ ಹಡಗಿನ ಕೆಲಸದವರು, ಆ ತಿಂಗಳು ಸಮುದ್ರದ ಮೇಲಿದ್ದರು. ಅಪ್ಪನ ತಂಗಿ ಥೋವಾ ಅತ್ತೆ ತನ್ನ ಕೇಶಾಲಂಕಾರದ ಅಂಗಡಿಗೆ ಬೀಗ ಹಾಕಿ, ಬೇಯಿಸಿದ ಇಡೀ ಕೋಳಿಯೊಂದನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಸ್ಕೂಟರಿನಲ್ಲಿ ಬಂದರು. ಒಳಗೆ ಬಂದವರೇ ಪೀಠದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದೇನೇ, ನಮ್ಮಪ್ಪನ್ನ ಓವನ್ ಒಳಗೆ ಕೂರ್ಸಿದೀಯ?"

ದೊಡ್ಡಪ್ಪ ಮುಖ ಆ ಕಡೆ ತಿರುಗಿಸಿ ನಕ್ಕರು. ನಾನು ಕಮಾನಿನ ಬಗ್ಗೆ, ಬೂದಿಯ ಸುರುಳಿಯ ಬಗ್ಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ವಿವರಿಸಬೇಕಾದ ಕಮಾನು ಸೋತ ಕಮಾನು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅತ್ತೆ ಮಾತ್ರ ಬೆಂಚಿನ ಮೇಲೆ ಕೂತು ನೋಡಿ, ಕಾಲಿಗೆ ಹಾಯಾಗಿದೆ, ದಿನವಿಡೀ ನಿಂತು ಕೂದಲು ಕತ್ತರಿಸುವವರಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಒಪ್ಪಿಕೊಂಡರು.

ಎಡೆಯ ಹಲಗೆ ತುಂಬಿತು. ತಲೆ ಎತ್ತಿ ಕೂತ ಕೋಳಿ, ಗಾಕ್ ಹಣ್ಣಿನ ಕೆಂಪು ಅಂಟಕ್ಕಿ ಅನ್ನ, ಒಣ ಬಿದಿರಕಳಲೆಯ ಸಾರು, ಮಾಂಸ ತುಂಬಿ ಕರಿದ ರೋಲುಗಳು, ಒಂದು ಪುಟ್ಟ ಬಟ್ಟಲು ಅಕ್ಕಿಮದ್ಯ. ದೊಡ್ಡಪ್ಪ ಮೂರು ಊದಿನಕಡ್ಡಿ ಹಚ್ಚಿ ಹಣೆಯ ಮಟ್ಟಕ್ಕೆ ಹಿಡಿದು ಮನೆಯ ವಿಳಾಸವನ್ನು ಮಹಡಿ, ಬಾಗಿಲ ಸಂಖ್ಯೆ ಸಮೇತ ಹೇಳಿ ತಾತನನ್ನೂ ಅವರ ಹಿಂದಿನವರನ್ನೂ ಊಟಕ್ಕೆ ಕರೆದರು. ಅಜ್ಜಿ ಪಕ್ಕದಿಂದ, ಲಿಫ್ಟಿನ ಗುಂಡಿ ಯಾವುದೆಂದೂ ಹೇಳು ಎಂದರು. ದೊಡ್ಡಪ್ಪ ಅದನ್ನೂ ಹೇಳಿದರು.

ಆಮೇಲೆ ಕಾಯುವುದು. ಊದಿನಕಡ್ಡಿ ಉರಿಯುವಷ್ಟು ಹೊತ್ತು ಹಿರಿಯರ ಊಟ. ಅದು ಆರುವವರೆಗೆ ನಾವು ಯಾರೂ ಎಡೆ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಿಂದಲೂ ನನಗೆ ತಿಥಿಯಲ್ಲಿ ಇಷ್ಟವಾದದ್ದು ಕೋಳಿಯಲ್ಲ, ಈ ಹೊತ್ತು. ಎಲ್ಲರೂ ಹಸಿದಿರುತ್ತಾರೆ, ಎಲ್ಲರೂ ಮನೆಯಲ್ಲಿರುತ್ತಾರೆ, ಯಾರಿಗೂ ಮಾಡಲು ಕೆಲಸವಿರುವುದಿಲ್ಲ. ಹಳೆಯ ಮನೆಯಲ್ಲಿ ಆ ಹೊತ್ತಿನಲ್ಲಿ ಗೋಡೆಗಳಿಗೂ ಉಸಿರಾಡಲು ಬಿಡುವು ಸಿಕ್ಕಂತೆ ಇರುತ್ತಿತ್ತು. ಆ ಬಿಡುವಿಗೆ ಒಂದು ಆಕಾರ ಕೊಡಬೇಕು ಎಂದೇ ನಾನು ಈ ಪೀಠ ಮಾಡಿದ್ದು. ಯಾರೂ ಕೇಳಲಿಲ್ಲವಾದ್ದರಿಂದ ಯಾರಿಗೂ ಹೇಳಿರಲಿಲ್ಲ.

ಬೆಂಚಿನ ಮೇಲೆ ಅಜ್ಜಿ ಕೂತರು, ನಾನು ಪಕ್ಕದಲ್ಲಿ. ಹೊಗೆ ನೆಟ್ಟಗೆ ಎದ್ದು ಕಮಾನಿನ ನೆತ್ತಿಯ ಸೀಳಿನೊಳಗೆ ಮಾಯವಾಗುತ್ತಿತ್ತು. ಚಾವಣಿ ಬೆಳ್ಳಗೇ ಇತ್ತು, ಯಾರ ಕಣ್ಣೂ ಉರಿಯಲಿಲ್ಲ. ದೊಡ್ಡಮ್ಮ ಹೊಸ ಪರದೆಗಳನ್ನು ನೋಡಿಕೊಂಡು, ಹುಡುಗಿ ಜಾಣೆ ಎಂದರು. ನನಗೆ ಖುಷಿಯಾಯಿತು. ಅದನ್ನು ಮುಖದಲ್ಲಿ ತೋರಿಸದಿರಲು ಕಷ್ಟಪಟ್ಟೆ.

ಕಡ್ಡಿಗಳು ಬೇಗನೆ ಮುಗಿದವು. ಅತ್ತೆಗೆ ಅದರಲ್ಲೂ ಸಂತೋಷವೇ. ನಮ್ಮಪ್ಪನಿಗೂ ಹೊಸ ಮನೆಯಲ್ಲಿ ಹಸಿವು ಜಾಸ್ತಿಯಾಗಿದೆ ಎಂದು ಚಾಪೆ ಹಾಸಲು ಎದ್ದರು. ಆದರೆ ಎಡೆ ಇಳಿಸುವ ಮೊದಲು, ಊಟವಾಯಿತೇ ಎಂದು ಕೇಳುವುದು ನಮ್ಮ ಅಜ್ಜಿಯ ಕ್ರಮ. ಅವರು ಒಂದು ತಟ್ಟೆ ತರಿಸಿ, ಅಂಗಿಯ ಒಳಜೇಬಿನಿಂದ ಎರಡು ಹಳೆಯ ಹಿತ್ತಾಳೆ ನಾಣ್ಯ ತೆಗೆದರು. ಎರಡಕ್ಕೂ ಒಂದು ಮಗ್ಗುಲಲ್ಲಿ ಸುಣ್ಣ ಬಳಿದಿದೆ, ಇನ್ನೊಂದು ಮಗ್ಗುಲು ಹಳತಾಗಿ ಕಪ್ಪಾಗಿದೆ. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಹೌದು. ಎರಡೂ ಕಪ್ಪಾದರೆ ಇಲ್ಲ.

ಅಜ್ಜಿ ನಾಣ್ಯ ಬಿಟ್ಟರು. ತಟ್ಟೆಯ ಸದ್ದು ನಿಂತಿತು. ಎರಡೂ ಕಪ್ಪು.

ಊಟ ಮುಗಿದಿಲ್ಲ.

ಸ್ವಲ್ಪ ತಾಳಿ ಮತ್ತೆ ಹಾಕಿದರು. ಮತ್ತೆ ಎರಡೂ ಕಪ್ಪು. ಮನೆಯಲ್ಲಿ ಚರ್ಚೆ ಶುರುವಾಯಿತು. ಸಾರಿಗೆ ಉಪ್ಪು ಕಡಿಮೆಯಾಗಿರಬಹುದು ಎಂದು ದೊಡ್ಡಮ್ಮ ಹೆದರಿದರು. ರುಚಿ ನೋಡುವಂತಿಲ್ಲ, ಎಡೆ ಇನ್ನೂ ತಾತನ ಮುಂದಿದೆ. ಮೀನಿನ ರಸಕ್ಕೆ ಖಾರದ ಮೆಣಸಿನಕಾಯಿ ಹಾಕಿಲ್ಲ ಎಂದು ಅಮ್ಮ ಕಂಡುಹಿಡಿದು ಓಡಿಹೋಗಿ ತಂದರು. ಮದ್ಯದ ಬಟ್ಟಲು ತೀರಾ ಚಿಕ್ಕದು, ತಮ್ಮ ಅಪ್ಪನಿಗೆ ಅವಮಾನ ಎಂದು ದೊಡ್ಡಪ್ಪ ಮತ್ತೊಂದು ಸುತ್ತು ಬಗ್ಗಿಸಿದರು. ಬಗ್ಗಿಸುವಾಗ ಅವರ ಕಣ್ಣು ಸೀಸೆಯ ಮೇಲೆಯೇ ಇತ್ತು. ಮೂರನೇ ಸಲವೂ ನಾಣ್ಯ ಒಪ್ಪಲಿಲ್ಲ.

"ಜಾಗ ಹಿಡಿಸಿಲ್ಲ," ಎಂದರು ದೊಡ್ಡಪ್ಪ ನನ್ನ ಕಡೆ ನೋಡದೆ. "ಅಂಗಡಿಯವನಿಗೆ ಸಂಜೆ ಬರೋಕೆ ಹೇಳ್ಲಾ ಅಮ್ಮ?"

ಅಜ್ಜಿ ನಾಣ್ಯಗಳನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕೂತರು. ನಾನು ಬಟ್ಟಲನ್ನೇ ನೋಡುತ್ತಿದ್ದೆ. ಬೇರೆ ಯಾರನ್ನು ನೋಡುವುದಕ್ಕೂ ಧೈರ್ಯವಿರಲಿಲ್ಲ. ಆಗ ಕಂಡಿತು. ಮೂರು ಕಡ್ಡಿಗಳೂ ಬುಡದವರೆಗೆ ಬೋಳಾಗಿ ನಿಂತಿದ್ದವು. ಬೂದಿ ಚೂರುಚೂರಾಗಿ ಉದುರಿ ಹಲಗೆಯ ಮೇಲೆಲ್ಲ ಚೆಲ್ಲಿತ್ತು. ಒಂದಾದರೂ ಸುರುಳಿ ಇರಲಿಲ್ಲ.

ಕಮಾನಿನ ಹಿಂದೆ ಒಂದು ಫ್ಯಾನ್ ಇದೆ. ಹೊಗೆಯನ್ನು ಎಳೆದು ಬಾಲ್ಕನಿಯ ಕಡೆಯ ಕೊಳವೆಗೆ ಬಿಡುತ್ತದೆ. ಈ ಕಟ್ಟಡದಲ್ಲಿ ಪ್ರತಿ ಹಜಾರದ ಚಾವಣಿಗೂ ಹೊಗೆ ಕಂಡರೆ ಕೂಗುವ ಅಲಾರಂ ಇರುವುದರಿಂದ ನಾನು ಅದನ್ನು ಸೇರಿಸಿದ್ದೆ. ಇಷ್ಟು ಸಣ್ಣ, ಇಷ್ಟು ಮೌನದ ಫ್ಯಾನ್ ಹುಡುಕಲು ಊರೆಲ್ಲ ಅಲೆದಿದ್ದೆ. ಅದು ಮನೆಯಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ. ಅದೇ ನನ್ನ ಹೆಮ್ಮೆಯಾಗಿತ್ತು. ಆ ಗಾಳಿಗೆ ಕಡ್ಡಿಗಳು ಅರ್ಧ ಹೊತ್ತಿಗೇ ಉರಿದುಹೋಗಿದ್ದವು. ಅಂದರೆ ತಾತನ ಊಟದ ಹೊತ್ತನ್ನೇ ನಾನು ಅರ್ಧ ಮಾಡಿದ್ದೆ. ಅದೂ ಯಾರಿಗೆ? ಅನ್ನದ ಪ್ರತಿ ಅಗುಳನ್ನೂ ಕರಡಿನ ಅಕ್ಷರದಂತೆ ಪರೀಕ್ಷಿಸಿ ನುಂಗುತ್ತಿದ್ದ ಮನುಷ್ಯನಿಗೆ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಸುಲಭ. ನಾಣ್ಯ ಎಷ್ಟು ಸಲ ಅಂತ ಕಪ್ಪಾಗಿಯೇ ಬೀಳುತ್ತದೆ, ನಾಲ್ಕನೆಯದೋ ಐದನೆಯದೋ ಒಂದು ಬಿಳಿ ಬರುವ ಸಂಭವವೇ ಹೆಚ್ಚು ಎಂದು ಲೆಕ್ಕ ಬಲ್ಲವರಿಗೆಲ್ಲ ಗೊತ್ತು. ಫ್ಯಾನ್ ಇದೆ ಎಂದು ಹೇಳಿದರೆ ಕೆಂಪು ಪೀಠ ಬರುವುದು ಖಂಡಿತ. ಆದರೆ ಎದುರಿಗೆ ತಾತನ ಫೋಟೋ ಇತ್ತು, ಅದರ ಮುಂದೆ ಆರುತ್ತಿರುವ ಸಾರು. ಅರ್ಧ ಊಟಕ್ಕೆ ಎಬ್ಬಿಸಿದರೂ ಅವರು ಒಂದು ಮಾತೂ ಆಡುವವರಲ್ಲ. ಎದ್ದು ಕೈ ತೊಳೆದುಕೊಂಡುಬಿಡುವವರು. ಅದು ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ.

"ಅಜ್ಜಿ, ತಪ್ಪು ತಾತಂದಲ್ಲ, ಸಾರಿಂದೂ ಅಲ್ಲ. ಹಿಂದೆ ಒಂದು ಫ್ಯಾನ್ ಇಟ್ಟಿದೀನಿ. ಕಡ್ಡಿ ಬೇಗ ಉರಿದುಹೋಯ್ತು. ಅವರಿನ್ನೂ ಊಟ ಮಾಡ್ತಿದಾರೆ."

ಅಜ್ಜಿ ಬಾಗಿ ಕಮಾನಿನ ಸೀಳಿನ ಬಳಿ ಅಂಗೈ ಹಿಡಿದರು. ಗಾಳಿ ತಗುಲಿರಬೇಕು, ಹುಬ್ಬು ಮೇಲೇರಿತು.

"ಐವತ್ತು ವರ್ಷ ನಾನು ಈ ಮನುಷ್ಯನ ಊಟ ಮುಗಿಯೋದನ್ನ ಕಾದಿದೀನಿ," ಎಂದರು ನಿಧಾನವಾಗಿ. "ಬೇಗ ಮುಗಿಸಿ ಅಂತ ಬೈದಿದೀನಿ. ಬೇಡಿಕೊಂಡಿದೀನಿ. ಒಂದ್ಸಲ ದೀಪ ಆರಿಸಿಬಿಟ್ಟೂ ನೋಡಿದೀನಿ. ಆಗ್ಲಿಲ್ಲ. ನೀನು ಬಟ್ಟಲಿಗೆ ಗಾಳಿ ಬಿಟ್ಟು ಬೇಗ ಮಾಡ್ಸೋಕೆ ಹೋದ್ಯಾ?"

ಥೋವಾ ಅತ್ತೆ ಮೊದಲು ನಕ್ಕರು. ಆಮೇಲೆ ಅಮ್ಮ. ಅಜ್ಜಿ ನಗಲಿಲ್ಲ. ಆದರೆ ಬೈಯಲೂ ಇಲ್ಲ. ಫ್ಯಾನ್ ಆರಿಸಿ ಹೊಸ ಕಡ್ಡಿ ಹಚ್ಚಲು ದೊಡ್ಡಪ್ಪನಿಗೆ ಹೇಳಿದರು.

ಅಲಾರಂ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಅತ್ತೆ ತನ್ನ ಕೈಚೀಲದಿಂದ ಕೂದಲಿಗೆ ಬಣ್ಣ ಹಚ್ಚುವಾಗ ಗಿರಾಕಿಗಳಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿಯೊಂದನ್ನು ತೆಗೆದರು. ದೊಡ್ಡಪ್ಪ ಮೇಜು ಹತ್ತಿ ಅದನ್ನು ಅಲಾರಮಿಗೆ ತೊಡಿಸಿ ಕಿವಿಯವರೆಗೂ ಎಳೆದರು. ಬಾಲ್ಕನಿಯ ಬಾಗಿಲು ತೆರೆಯಿರಿ ಎಂದು ದೊಡ್ಡಮ್ಮ ಹೇಳಿದ್ದಕ್ಕೆ ಅಜ್ಜಿ ಒಪ್ಪಲಿಲ್ಲ. ಮತ್ತೆ ಗಾಳಿ ಬರುತ್ತದೆ, ಮತ್ತೆ ಊಟ ಕೆಡುತ್ತದೆ.

ಹೊಗೆ ಈ ಸಲ ಎಲ್ಲಿಗೂ ಹೋಗಲಿಲ್ಲ. ಕಮಾನಿನ ಕೆಳಗೆ ತಿರುಗಿ, ಹೊರಗೆ ಬಂದು, ದೊಡ್ಡಮ್ಮನ ಹೊಸ ಪರದೆಗಳನ್ನು ಸವರಿ, ನಮ್ಮ ತಲೆಗಳ ಮೇಲೆ ಇಳಿಯಿತು. ಎಲ್ಲರ ಕಣ್ಣಲ್ಲೂ ನೀರು.

"ಅಪ್ಪ ಹೋದ ದಿನಾನೂ ನಾವು ಇಷ್ಟು ಅತ್ತಿರ್ಲಿಲ್ಲ," ಎಂದರು ಅತ್ತೆ ಮೂಗು ಒರೆಸಿಕೊಳ್ಳುತ್ತ.

ಅದರಿಂದ ಮಾತು ಬೆಳೆಯಿತು. ದೊಡ್ಡಪ್ಪ ತಮ್ಮ ಮದುವೆಯ ಊಟ ನೆನೆಸಿಕೊಂಡರು. ಹುಡುಗಿ ಕಡೆಯವರು, ಬೀಗರಾದ ತಾತ ಉಂಡು ಏಳದೆ ತಾವು ಏಳುವಂತಿಲ್ಲ ಎಂದು ಸಂಜೆಯವರೆಗೆ ಕೂತಿದ್ದರಂತೆ. ಕೊನೆಯ ಬಸ್ಸು ತಪ್ಪಿ ಅವರೆಲ್ಲ ನಮ್ಮ ಮನೆಯಲ್ಲೇ ಮಲಗಿದರಂತೆ. ಆ ರಾತ್ರಿಯೇ ಎರಡೂ ಕಡೆಯವರು ನಿಜವಾಗಿ ಬೀಗರಾದದ್ದು ಎಂದು ದೊಡ್ಡಮ್ಮ ಸೇರಿಸಿದರು. ಅಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ, ಮಾವನ ಬಟ್ಟಲಲ್ಲಿ ಇನ್ನೂ ಅರ್ಧ ಇದ್ದಾಗ ಪಾತ್ರೆ ತೊಳೆಯಲು ಎತ್ತಿಕೊಂಡು ಹೋಗಿದ್ದರಂತೆ. ತಾತ ಏನೂ ಅನ್ನದೆ ಅಡುಗೆಮನೆಗೆ ಬಂದು, ನಿಂತೇ ಉಳಿದದ್ದನ್ನು ತಿಂದರಂತೆ. ಇದನ್ನು ನಾನು ಮೊದಲ ಸಲ ಕೇಳಿದ್ದು. ಮೌನದಲ್ಲಿ ತಾತ ಇರುತ್ತಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಈ ಗದ್ದಲದಲ್ಲೂ ಅವರು ಆರಾಮವಾಗಿ ಕೂತಿದ್ದರು. ಬಹುಶಃ ಅವರಿಗೆ ಬೇಕಾದದ್ದು ಮೌನವಲ್ಲ, ಅವಸರವಿಲ್ಲದ ಹೊತ್ತು ಮಾತ್ರ. ಅದನ್ನು ಇನ್ನೂ ಸರಿಯಾಗಿ ಯೋಚಿಸಿ ನೋಡಬೇಕು.

ಕಡ್ಡಿಗಳು ಉರಿಯುತ್ತ ಹೋದವು. ಬೂದಿ ಬಾಗಿತು, ಇನ್ನೂ ಬಾಗಿತು, ಮೂರು ಉಂಗುರಗಳಾಗಿ ಒಂದಕ್ಕೊಂದು ತಾಗದಂತೆ ನಿಂತಿತು. ಅತ್ತೆ ಅದನ್ನು ನೋಡಿ, ಕಮಾನನ್ನು ನೋಡಿ, ಮತ್ತೆ ಉಂಗುರಗಳನ್ನು ನೋಡಿದರು.

"ಓ," ಎಂದರು. ಓವನ್ನಿನ ಮಾತು ಮತ್ತೆ ಎತ್ತಲಿಲ್ಲ.

ಅಜ್ಜಿ ನಾಣ್ಯ ಹಾಕಿದರು. ಒಂದು ಬಿಳಿ, ಒಂದು ಕಪ್ಪು. ಊಟವಾಯಿತು. ದೊಡ್ಡಮ್ಮ ನಿಟ್ಟುಸಿರು ಬಿಟ್ಟು ಸಾರು ಬಿಸಿ ಮಾಡಲು ಎದ್ದರು. ಆದರೆ ಅಜ್ಜಿ ತಟ್ಟೆ ಕೆಳಗಿಡಲಿಲ್ಲ. ಮುಖ್ಯವಾದ ಪ್ರಶ್ನೆ ಇನ್ನೂ ಬಾಕಿಯಿತ್ತು. ಒಂದು ತಪ್ಪು ಮಾಡಿದವಳ ಕೈಯ ಪೀಠದಲ್ಲಿ ತಾತ ಏಕೆ ಕೂರಬೇಕು ಎಂದು ನನಗೇ ಅನ್ನಿಸುತ್ತಿತ್ತು.

ಇಲ್ಲೇ ಇರುತ್ತೀರಾ ಎಂದು ಅಜ್ಜಿ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಕೇಳಲಿಲ್ಲ. ಬಟ್ಟಲಿನ ಹತ್ತಿರ ಸರಿದು, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಕೇಳಿದರು.

"ರೀ, ಹಾಂಗ್ ಕ್ವಾತ್ ಬೀದೀಲಿ ಒಂದು ಕೆಂಪು ಪೀಠ ಇದೆ. ಚಿನ್ನದ ರೇಕು, ಡ್ರ್ಯಾಗನ್ನು ಎಲ್ಲಾ ಇದೆ. ಎದ್ದು ಅಲ್ಲಿಗೆ ಬರ್ತೀರಾ?"

ನಾಣ್ಯಗಳು ತಟ್ಟೆಯಲ್ಲಿ ಸುತ್ತಿದವು. ಒಂದು ಬೇಗ ಮಲಗಿತು. ಇನ್ನೊಂದು ಅಂಚಿಗೆ ಹೊಡೆದು, ತಿರುಗಿ, ಬಹಳ ಹೊತ್ತು ನಡುಗಿ ಬಿತ್ತು. ಎರಡೂ ಬಿಳಿ.

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ನಾನು ಅಜ್ಜಿಯ ಮುಖ ನೋಡಿದೆ. ದೊಡ್ಡಪ್ಪ ಕತ್ತು ಚಾಚಿ ತಟ್ಟೆಯೊಳಗೆ ನೋಡಿದರು.

"ನಗ್ತಿದಾರೆ," ಎಂದರು ಅತ್ತೆ. "ಎರಡೂ ಬಿಳಿ ಬಿದ್ರೆ ನಗ್ತಿದಾರೆ ಅಂತ."

"ನಗ್ತಿದಾರೆ ಅಂದ್ರೆ ಬರ್ತಾರೋ ಇಲ್ವೋ?" ಎಂದು ದೊಡ್ಡಪ್ಪ ಕೇಳಿದರು. ಅವರಿಗೆ ಅಂಗಡಿಯವನಿಗೆ ಉತ್ತರ ಹೇಳಬೇಕಿತ್ತು.

ಅಜ್ಜಿ ನಾಣ್ಯಗಳನ್ನು ಎತ್ತಿ ಒಳಜೇಬಿಗೆ ಹಾಕಿಕೊಂಡರು. ಬೆಂಚಿನ ಮೇಲೆ ಇನ್ನೂ ಚೆನ್ನಾಗಿ ಒರಗಿಕೊಂಡು ಎರಡೂ ಕಾಲನ್ನು ಮೇಲೆ ಎತ್ತಿಕೊಂಡರು.

"ಹೊಟ್ಟೆ ತುಂಬಿ ನಗ್ತಾ ಕೂತಿರೋ ಗಂಡಸು ಎದ್ದು ಮನೆ ಬದಲಾಯಿಸ್ತಾನೇನೋ? ನಿನಗೆ ಇಷ್ಟು ವಯಸ್ಸಾಗಿದೆ, ಗೊತ್ತಾಗಲ್ವಾ?"

ಬಾಲ್ಕನಿಯ ಬಾಗಿಲು ತೆರೆದರು. ಹೊಗೆ ಹೊರಟಿತು. ಎಡೆ ಚಾಪೆಗೆ ಇಳಿಯಿತು. ಚಾವಣಿ ಕಪ್ಪಾಗದಿರಲು ಮೇಲೊಂದು ಗಾಜಿನ ಹಲಗೆ ಹಾಕಿದರೆ ಸಾಕು, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಅಮ್ಮ ನನಗೆ ಹೇಳುತ್ತಿದ್ದರು. ಆ ಕಡೆ ದೊಡ್ಡಪ್ಪ ಕೋಳಿಯ ಕಾಲೊಂದನ್ನು ಎಡಗೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಫೋನ್ ಮಾಡಿದರು. ಕೆಂಪು ಪೀಠ ಬೇಡ ಎಂದರು. ಅಂಗಡಿಯವನು ಏಕೆಂದು ಕೇಳಿರಬೇಕು. ಬಣ್ಣ ಹಿಡಿಸಲಿಲ್ಲವೇ, ಬೇರೆ ಅಳತೆಯದು ಬೇಕೇ ಎಂದೂ ಕೇಳಿರಬಹುದು.

"ಇಲ್ಲಪ್ಪ, ಪೀಠ ಚೆನ್ನಾಗೇ ಇದೆ," ಎಂದರು ದೊಡ್ಡಪ್ಪ. "ನಮ್ಮಪ್ಪ ಬರಲ್ಲ ಅಂದ್ರು."

ಆ ಬೀದಿಯಲ್ಲಿ ಅದಕ್ಕೆ ಎದುರು ಮಾತಿಲ್ಲ. ಆಗಲಿ, ಅವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಅವನು ಫೋನ್ ಇಟ್ಟನಂತೆ. ದೊಡ್ಡಪ್ಪ ಪೀಠದ ಕಡೆ ತಿರುಗಿ ತಿಳಿಸಿದರು.